ಅಣ್ಣನ ಕಣ್ಣು, ತಮ್ಮನ ಕಿವಿ

ಬಹಳ ವರ್ಷಗಳ ಹಿಂದೆ, ಫಿಲ್ಮ್ ಸೊಸೈಟಿಯೊಂದರ ಪ್ರದರ್ಶನದಲ್ಲಿ, ಕಿರುಗುಟ್ಟುವ ಮರದ ಕುರ್ಚಿಯ ಮೇಲೆ ಕುಳಿತು ನಾನು ‘ಗಿಮ್ಮಿ ಶೆಲ್ಟರ್’ ಎಂಬ ಅಮೆರಿಕನ್ ಚಿತ್ರವನ್ನು ನೋಡಿದೆ. ಪಾಶ್ಚಾತ್ಯ ರಾಕ್ ಸಂಗೀತದಲ್ಲಿ ಆಗ ನನಗೆ ತಿಳಿವಳಿಕೆಯಿರಲಿ, ಕುತೂಹಲವೂ ಇರಲಿಲ್ಲ. ಸ್ನೇಹಿತರೊಬ್ಬರ ಒತ್ತಾಯಕ್ಕೆ ಹೋದವನು. ಹಾಡು, ಕುಣಿತ, ಜನಜಂಗುಳಿಗಳ ನಡುವೆ ಇದ್ದಕ್ಕಿದ್ದಂತೆ ಎಲ್ಲವೂ ಸ್ತಬ್ಧವಾಗುವ ಒಂದು ದೃಶ್ಯ ಬಂತು. ರೋಲಿಂಗ್ ಸ್ಟೋನ್ಸ್ ತಂಡದ ಗಾಯಕ ಮಿಕ್ ಜಾಗರ್ ಒಂದು ಸಂಕಲನದ ಮೇಜಿನ ಮುಂದೆ ಕುಳಿತು, ಅಂಗೈಯಗಲದ ತೆರೆಯ ಮೇಲೆ ತನ್ನದೇ ಕಛೇರಿಯನ್ನು ನೋಡುತ್ತಿದ್ದಾನೆ. ಆ ಕಛೇರಿಯಲ್ಲಿ, ಅವನು ಹಾಡುತ್ತಿದ್ದ ವೇದಿಕೆಯಿಂದ ಕೆಲವೇ ಮಾರು ದೂರದಲ್ಲಿ, ಒಬ್ಬ ತರುಣನನ್ನು ಇರಿದು ಕೊಲ್ಲುತ್ತಾರೆ. ಜಾಗರ್ ಅದನ್ನು ಇನ್ನೊಮ್ಮೆ ತೋರಿಸಲು ಕೇಳುತ್ತಾನೆ. ಪಕ್ಕದಲ್ಲಿರುವ ಡೇವಿಡ್ ಎಂಬಾತ ಫಿಲ್ಮನ್ನು ಹಿಂದಕ್ಕೆ ತಿರುಗಿಸಿ, ನಿಧಾನಗತಿಯಲ್ಲಿ ಮತ್ತೆ ತೋರಿಸುತ್ತಾನೆ. ಕೊನೆಗೆ ಜಾಗರ್ ಎದ್ದು ಹೊರಡುವಾಗ ಅವನ ಮುಖ ತೆರೆಯ ಮೇಲೆ ಹಾಗೆಯೇ ನಿಂತುಬಿಡುತ್ತದೆ. ಆ ಮುಖದಲ್ಲಿ ಏನಿತ್ತೆಂದು ಆ ರಾತ್ರಿ ಮನೆಗೆ ನಡೆಯುತ್ತ ನಾನೂ ನನ್ನ ಸ್ನೇಹಿತರೂ ವಾದಿಸಿದ್ದು ನೆನಪಿದೆ. ವಾದ ಮುಗಿಯಲಿಲ್ಲ.

ಆ ಡೇವಿಡ್ ಮೇಜಲ್ಸ್ ಮತ್ತು ಅವನ ಅಣ್ಣ ಆಲ್ಬರ್ಟ್ ಮೇಜಲ್ಸ್, ಇವರಿಬ್ಬರ ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ರೇಡಿಯೋದಲ್ಲಿ ಕುಳಿತು ಚಲಚ್ಚಿತ್ರದ ಮಾತನಾಡುವುದು ಒಂದು ಬಗೆಯ ವಿಪರ್ಯಾಸವೇ ಸರಿ. ತೋರಿಸಬೇಕಾದದ್ದನ್ನು ಹೇಳಿ ಮುಗಿಸಬೇಕು. ಆದರೆ ಇವರ ಚಿತ್ರಗಳಲ್ಲಿ ಅರ್ಧ ಪಾಲು ಕಿವಿಯದ್ದೇ. ಅಣ್ಣ ಕ್ಯಾಮೆರಾ ಹಿಡಿಯುತ್ತಿದ್ದ, ತಮ್ಮ ಧ್ವನಿಮುದ್ರಣ ಮಾಡುತ್ತಿದ್ದ. ಇಪ್ಪತ್ತೈದು ವರ್ಷ ಈ ವಿಭಜನೆ ಬದಲಾಗಲಿಲ್ಲ.

ಇವರ ಬಗ್ಗೆ ಮುಂದೆ ಓದತೊಡಗಿದಾಗ ನನಗೆ ಆಶ್ಚರ್ಯ ತಂದ ಸಂಗತಿ ಬೇರೊಂದು. ಕಲ್ಪನೆಯ ಸೋಂಕಿಲ್ಲದ ಸತ್ಯವನ್ನಷ್ಟೇ ತೋರಿಸುತ್ತೇವೆಂದು ಹೊರಟ ಈ ಸಹೋದರರು ತಮ್ಮ ಕಂಪನಿಯ ಬಾಡಿಗೆ, ಸಂಬಳ, ಫಿಲ್ಮಿನ ಖರ್ಚುಗಳನ್ನು ಜಾಹೀರಾತು ಚಿತ್ರಗಳಿಂದಲೂ ದೊಡ್ಡ ಉದ್ಯಮಗಳಿಗಾಗಿ ತಯಾರಿಸಿದ ಪ್ರಚಾರ ಚಿತ್ರಗಳಿಂದಲೂ ಸಂಪಾದಿಸುತ್ತಿದ್ದರು. ಸಾಬೂನು ಮಾರುವ ಕೈ ಸತ್ಯವನ್ನು ತೋರಿಸಬಲ್ಲದೇ? ಇದು ನನ್ನ ಪ್ರಶ್ನೆಯಷ್ಟೇ ಅಲ್ಲ. ಅವರ ಬದುಕಿನಲ್ಲೇ ಈ ಪ್ರಶ್ನೆ ಒಮ್ಮೆ ಬಹಳ ಕ್ರೂರವಾಗಿ ಎದುರಾಯಿತು.

ಆಲ್ಬರ್ಟ್ ಹುಟ್ಟಿದ್ದು 1926ರಲ್ಲಿ, ಬಾಸ್ಟನ್ ನಗರದಲ್ಲಿ. ಡೇವಿಡ್ ಅವನಿಗಿಂತ ನಾಲ್ಕೈದು ವರ್ಷ ಚಿಕ್ಕವನು. ಪೂರ್ವ ಯೂರೋಪಿನಿಂದ ವಲಸೆ ಬಂದ ಯಹೂದಿ ಮನೆತನ. ತಂದೆ ಅಂಚೆ ಇಲಾಖೆಯಲ್ಲಿ ಗುಮಾಸ್ತ, ತಾಯಿ ಶಾಲಾ ಉಪಾಧ್ಯಾಯಿನಿ. ಆಲ್ಬರ್ಟ್ ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕ್ ದಳದಲ್ಲಿದ್ದು ಬಂದು, ಮನಶ್ಶಾಸ್ತ್ರ ಓದಿ, ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಅದನ್ನೇ ಪಾಠ ಹೇಳುತ್ತಿದ್ದ. 1955ರಲ್ಲಿ ಸೋವಿಯತ್ ರಷ್ಯದ ಮಾನಸಿಕ ಆಸ್ಪತ್ರೆಗಳನ್ನು ನೋಡಲು ಹೊರಟವನು, ಒಂದು ಟೆಲಿವಿಷನ್ ಸಂಸ್ಥೆಯಿಂದ 16 ಮಿಲಿಮೀಟರ್ ಕ್ಯಾಮೆರಾ ಪಡೆದು ಜೊತೆಗೆ ಒಯ್ದ. ಹಿಂದಿರುಗುವಾಗ ಅವನ ಬಳಿ ಒಂದು ಪುಟ್ಟ ಚಿತ್ರವಿತ್ತು. ಪ್ರಾಧ್ಯಾಪಕ ವೃತ್ತಿ ಅಲ್ಲಿಗೆ ಮುಗಿದಂತಾಯಿತು. ಡೇವಿಡ್ ಅಷ್ಟರಲ್ಲಿ ಹಾಲಿವುಡ್ಡಿನಲ್ಲಿ ಮರ್ಲಿನ್ ಮನ್ರೋ ಅಭಿನಯದ ಎರಡು ಚಿತ್ರಗಳಲ್ಲಿ ಸಹಾಯಕನಾಗಿ ದುಡಿದು, ದೀಪ ಸರಿಪಡಿಸುವುದಕ್ಕೆ ಗಂಟೆಗಟ್ಟಲೆ ಕಾಯುವ ಆ ಲೋಕದಿಂದ ಬೇಸತ್ತಿದ್ದ. 1957ರಲ್ಲಿ ಇಬ್ಬರೂ ಒಂದೇ ಮೋಟಾರ್ ಸೈಕಲ್ ಏರಿ ಮ್ಯೂನಿಕ್‌ನಿಂದ ಮಾಸ್ಕೋವರೆಗೆ ಹೋದರು. ದಾರಿಯಲ್ಲಿ ಪೋಲೆಂಡಿನ ತರುಣರ ಕುರಿತು ಚಿತ್ರ ತೆಗೆದರು.

ಇಲ್ಲಿ ಸ್ವಲ್ಪ ಯಂತ್ರದ ಮಾತು ಹೇಳಬೇಕು, ಸಾಹಿತ್ಯಾಸಕ್ತರು ಬೇಸರಿಸಬಾರದು. ಆ ಕಾಲದವರೆಗೆ ಮಾತು ಮತ್ತು ಚಿತ್ರವನ್ನು ಒಟ್ಟಿಗೆ ಹಿಡಿಯಬೇಕಾದರೆ ಭಾರವಾದ ಕ್ಯಾಮೆರಾ, ಅದಕ್ಕೆ ಮೂರು ಕಾಲಿನ ಆಸರೆ, ಕಣ್ಣು ಕುಕ್ಕುವ ದೀಪಗಳು, ಒಂದು ದಂಡು ಕೆಲಸಗಾರರು ಬೇಕಾಗುತ್ತಿತ್ತು. ಅಂಥ ದಂಡು ಮನೆಗೆ ನುಗ್ಗಿದರೆ ಯಾರು ತಾನೇ ಸಹಜವಾಗಿ ಮಾತನಾಡಿಯಾರು? 1960ರ ಸುಮಾರಿಗೆ ಅಮೆರಿಕದಲ್ಲಿ ರಾಬರ್ಟ್ ಡ್ರೂ ಎಂಬ ಪತ್ರಕರ್ತನ ಸುತ್ತ ಸೇರಿದ ರಿಚರ್ಡ್ ಲೀಕಾಕ್, ಪೆನ್ನೆಬೇಕರ್ ಮೊದಲಾದವರು ಕ್ಯಾಮೆರಾವನ್ನು ಹೆಗಲಿಗೇರಿಸಿದರು. ಧ್ವನಿಗೆ ಸ್ವಿಟ್ಜರ್ಲೆಂಡಿನ ನಾಗ್ರಾ ಎಂಬ ಟೇಪ್ ರಿಕಾರ್ಡರ್ ಬಂತು. ಉಳಿದದ್ದು ಒಂದೇ ತೊಡಕು. ಫಿಲ್ಮು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಟೇಪಿಗೆ ಅಂಥ ಹಲ್ಲಿನ ಹಿಡಿತವಿಲ್ಲ, ಅದು ಜಾರುತ್ತದೆ, ಹಿಗ್ಗುತ್ತದೆ. ಎರಡನ್ನೂ ತಂತಿಯಿಂದ ಕಟ್ಟಿಹಾಕದೆ ಜೊತೆಯಲ್ಲಿ ನಡೆಸುವುದು ಹೇಗೆ? ಅವರು ಕೈಗಡಿಯಾರದಲ್ಲಿದ್ದ ಅತಿ ಪುಟ್ಟ ಶ್ರುತಿಕವೆಯನ್ನು ಬಳಸಿಕೊಂಡರು. ಅದರ ಕಂಪನವೇ ಕ್ಯಾಮೆರಾ ಮತ್ತು ಧ್ವನಿಮುದ್ರಕ ಎರಡಕ್ಕೂ ಕಾಲದ ಪ್ರಮಾಣ. ಎರಡು ತಂಬೂರಿಗಳನ್ನು ಒಂದೇ ಶ್ರುತಿಗೆ ಕೂಡಿಸಿ, ಬೇರೆ ಬೇರೆ ಕೋಣೆಯಲ್ಲಿಟ್ಟು ಮೀಟಿದಂತೆ! ಸಂಗೀತದ ಉಪಕರಣವೊಂದು ಸಾಕ್ಷ್ಯಚಿತ್ರದ ಕಾಲಿಗೆ ಕಟ್ಟಿದ್ದ ಹಗ್ಗವನ್ನು ಬಿಚ್ಚಿತೆಂಬುದು ನನಗೆ ಯಾವಾಗಲೂ ಸೊಗಸಾಗಿ ತೋರುವ ಸಂಗತಿ.

ಆಲ್ಬರ್ಟ್ ಈ ಗುಂಪಿನಲ್ಲಿದ್ದ. 1960ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಪ್ರಾಥಮಿಕ ಚುನಾವಣೆಯಲ್ಲಿ ಜಾನ್ ಕೆನಡಿ ಜನರ ನಡುವೆ ಕೈಕುಲುಕುತ್ತ ಸಭಾಭವನದೊಳಕ್ಕೆ ನುಗ್ಗುವ ದೃಶ್ಯ ‘ಪ್ರೈಮರಿ’ ಎಂಬ ಚಿತ್ರದಲ್ಲಿದೆ. ಕ್ಯಾಮೆರಾವನ್ನು ತಲೆಯ ಮೇಲೆತ್ತಿ ಹಿಡಿದು, ಕೆನಡಿಯ ಬೆನ್ನ ಹಿಂದೆಯೇ ನಡೆದವನು ಆಲ್ಬರ್ಟ್. ನೋಡುವವರಿಗೆ ತಾವೇ ಆ ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡ ಅನುಭವ. 1962ರಲ್ಲಿ ಅಣ್ಣತಮ್ಮಂದಿರು ಬೇರೆಯಾಗಿ ತಮ್ಮದೇ ಕಂಪನಿ ತೆರೆದರು. ನಿರೂಪಕನ ಉಪನ್ಯಾಸವಿಲ್ಲ, ಸಂದರ್ಶನವಿಲ್ಲ, ಮೊದಲೇ ಬರೆದ ಕಥೆಯಿಲ್ಲ. ನಡೆಯುವುದನ್ನು ನಡೆದಂತೆ ಹಿಡಿಯುವುದು. ಇದಕ್ಕೆ ‘ಡೈರೆಕ್ಟ್ ಸಿನಿಮಾ’ ಎಂಬ ಹೆಸರು ಬಿತ್ತು.

ವ್ರತವೇನೋ ದೊಡ್ಡದು, ಆದರೆ ವ್ರತಸ್ಥರೂ ಊಟ ಮಾಡಬೇಕಷ್ಟೆ. ಅಮೆರಿಕದ ಟೆಲಿವಿಷನ್ ಸಂಸ್ಥೆಗಳು ಹೊರಗಿನವರು ತೆಗೆದ ಸಾಕ್ಷ್ಯಚಿತ್ರಗಳನ್ನು ಸುಲಭವಾಗಿ ಕೊಳ್ಳುತ್ತಿರಲಿಲ್ಲ. ಹೀಗಾಗಿ ಜಾಹೀರಾತು. ಐಬಿಎಂ ಕಂಪನಿಗಾಗಿ ಇವರು ಮಾಡಿದ ಚಿತ್ರ 1964ರದು. ಅಂಥವು ಮುಂದೆಯೂ ನಡೆದೇ ಇದ್ದವು. ಜಾಹೀರಾತು ಚಿತ್ರದ ಸ್ವಭಾವವನ್ನು ಸ್ವಲ್ಪ ಯೋಚಿಸಿ ನೋಡಿ. ಮೂವತ್ತು ಸೆಕೆಂಡು ಎಂದರೆ 720 ಚೌಕಟ್ಟುಗಳು. ಯಾವುದರಲ್ಲಿ ಏನಿರಬೇಕು, ನಗು ಎಲ್ಲಿ ಮೂಡಬೇಕು, ಡಬ್ಬಿಯ ಹೆಸರು ಎಷ್ಟು ಹೊತ್ತು ಕಾಣಬೇಕು ಎಂಬುದೆಲ್ಲ ಕ್ಯಾಮೆರಾ ತಿರುಗುವ ಮೊದಲೇ ಕಾಗದದ ಮೇಲೆ ತೀರ್ಮಾನವಾಗಿರುತ್ತದೆ. ಅಲ್ಲಿ ಆಕಸ್ಮಿಕಕ್ಕೆ ಎಡೆಯಿಲ್ಲ. ಸಾಕ್ಷ್ಯಚಿತ್ರದಲ್ಲಿ ಆಕಸ್ಮಿಕವೇ ಅವರ ಬಂಡವಾಳ. ಒಂದು ಕೈಯಲ್ಲಿ ಎಲ್ಲವೂ ನಿಶ್ಚಿತವಾದ ಕೆಲಸ ಮಾಡಿ ಗಳಿಸಿದ ಹಣವನ್ನು ಇನ್ನೊಂದು ಕೈಯಿಂದ ಏನೂ ನಿಶ್ಚಯವಿಲ್ಲದ ಕೆಲಸಕ್ಕೆ ಸುರಿದರು. ಇದರಲ್ಲಿ ಅಪ್ರಾಮಾಣಿಕತೆ ಇದೆಯೆಂದು ನನಗೆ ಅನ್ನಿಸಿಲ್ಲ. ಹಗಲು ಕಛೇರಿಯಲ್ಲಿ ಗುಮಾಸ್ತಗಿರಿ ಮಾಡಿ ರಾತ್ರಿ ಕವನ ಬರೆದವರು ನಮ್ಮಲ್ಲೂ ಬೇಕಾದಷ್ಟು ಜನರಿದ್ದಾರೆ.

1964ರ ಫೆಬ್ರವರಿ 7ರಂದು ಇಂಗ್ಲೆಂಡಿನ ಗ್ರನಾಡಾ ಟೆಲಿವಿಷನ್ ಸಂಸ್ಥೆಯಿಂದ ಇವರಿಗೆ ದೂರವಾಣಿ ಕರೆ ಬಂತು: ಬೀಟಲ್ಸ್ ಎಂಬ ತಂಡ ಇನ್ನು ಕೆಲವೇ ಗಂಟೆಗಳಲ್ಲಿ ನ್ಯೂಯಾರ್ಕಿನಲ್ಲಿ ಇಳಿಯಲಿದೆ, ಚಿತ್ರ ತೆಗೆಯುವಿರಾ? ಆಲ್ಬರ್ಟ್‌ಗೆ ಬೀಟಲ್ಸ್ ಯಾರೆಂದೇ ಗೊತ್ತಿರಲಿಲ್ಲ. ಫೋನಿಗೆ ಕೈ ಅಡ್ಡವಿಟ್ಟು ತಮ್ಮನನ್ನು ಕೇಳಿದನಂತೆ, ತಮ್ಮ ಒಪ್ಪಿಕೋ ಎಂದನಂತೆ. ಇಬ್ಬರೂ ವಿಮಾನ ನಿಲ್ದಾಣಕ್ಕೆ ಓಡಿದರು. ಮುಂದಿನ ದಿನಗಳಲ್ಲಿ ಕಾರಿನಲ್ಲಿ, ಪ್ಲಾಜಾ ಹೋಟೆಲಿನ ಕೋಣೆಯಲ್ಲಿ, ವಾಷಿಂಗ್ಟನ್ನಿಗೆ ಹೋಗುವ ರೈಲಿನಲ್ಲಿ ಆ ನಾಲ್ವರು ಹುಡುಗರ ಜೊತೆಯೇ ಇದ್ದರು. ಒಂಬತ್ತನೆಯ ತಾರೀಖು ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಬೀಟಲ್ಸ್ ಹಾಡಿದಾಗ ಸುಮಾರು 7 ಕೋಟಿ 30 ಲಕ್ಷ ಜನ ಟೆಲಿವಿಷನ್ ಮುಂದೆ ಕುಳಿತಿದ್ದರು. ಆ ಸ್ಟುಡಿಯೋದೊಳಗೆ ಮಾತ್ರ ಮೇಜಲ್ಸ್ ಸಹೋದರರಿಗೆ ಪ್ರವೇಶವಿರಲಿಲ್ಲ.

ಬೇರೆಯವರಾಗಿದ್ದರೆ ಅಂದಿನ ಕೆಲಸ ಕೆಟ್ಟಿತೆಂದುಕೊಳ್ಳುತ್ತಿದ್ದರು. ಇವರು ಒಂದು ವಸತಿ ಕಟ್ಟಡಕ್ಕೆ ಹೋಗಿ, ಒಳಗಿನಿಂದ ಅದೇ ಹಾಡು ಕೇಳಿಬರುತ್ತಿದ್ದ ಮನೆಯೊಂದರ ಬಾಗಿಲು ತಟ್ಟಿದರು. ಟೆಲಿವಿಷನ್ ಪೆಟ್ಟಿಗೆಯಲ್ಲಿ ಬೀಟಲ್ಸ್ ಹಾಡುತ್ತಿದ್ದಾರೆ. ಮನೆಯ ಹುಡುಗಿಯರು ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ. ಇಡೀ ಚಿತ್ರದಲ್ಲಿ ನನಗೆ ಪ್ರಿಯವಾದ ದೃಶ್ಯ ಇದೇ. ಗಾಯಕರನ್ನು ತೋರಿಸುವ ಚಿತ್ರಗಳು ಸಾವಿರವಿವೆ. ಕೇಳುವವರ ಮುಖವನ್ನು ನೋಡಬೇಕೆಂಬ ಬುದ್ಧಿ ಎಷ್ಟು ಜನಕ್ಕೆ ಬಂದೀತು? ಅಂದು ತೆಗೆದ ಫಿಲ್ಮು ಅರುವತ್ತು ವರ್ಷಗಳ ಮೇಲೆ, 2024ರಲ್ಲಿ, ಮಾರ್ಟಿನ್ ಸ್ಕಾರ್ಸೆಸಿ ನಿರ್ಮಾಪಕರಲ್ಲೊಬ್ಬನಾಗಿದ್ದ ‘ಬೀಟಲ್ಸ್ ’64’ ಎಂಬ ಚಿತ್ರದಲ್ಲಿ ಮರುಜೀವ ಪಡೆಯಿತು.

ಆಮೇಲಿನದು ‘ಸೇಲ್ಸ್‌ಮನ್’, 1969ರ ಚಿತ್ರ. ಇದರಲ್ಲಿ ಸಂಗೀತದ ಮಾತಿಲ್ಲ, ಆದರೆ ಇವರ ಮನಸ್ಸನ್ನು ತಿಳಿಯಲು ಇದನ್ನು ಬಿಡುವಂತಿಲ್ಲ. ಬೈಬಲ್ ಪುಸ್ತಕವನ್ನು ಮನೆ ಮನೆಗೆ ಹೊತ್ತು ಮಾರುವ ನಾಲ್ವರ ಕಥೆ. ಚಿನ್ನದ ಅಂಚಿನ ಆ ಬೈಬಲ್ಲಿನ ಬೆಲೆ 49 ಡಾಲರ್ 95 ಸೆಂಟ್. ಕೊಳ್ಳಬೇಕಾದವರು ಬಡ ಗೃಹಿಣಿಯರು, ವಿಧವೆಯರು. ಪಾಲ್ ಬ್ರೆನನ್ ಎಂಬ ಮಾರಾಟಗಾರನ ಮಾತಿನ ಚಾತುರ್ಯ ದಿನದಿಂದ ದಿನಕ್ಕೆ ಸೋಲುತ್ತದೆ, ಅವನು ಒಳಗೊಳಗೇ ಕುಸಿಯುತ್ತಾನೆ. ಸಹೋದರರಿಬ್ಬರಿಗೂ ಹರೆಯದಲ್ಲಿ ಬಾಗಿಲು ಬಾಗಿಲು ತಿರುಗಿ ಸಾಮಾನು ಮಾರಿದ ಅನುಭವವಿತ್ತು. ಜಾಹೀರಾತಿನ ದುಡ್ಡಿನಿಂದ, ಮಾರಾಟಗಾರನ ಸಂಕಟದ ಚಿತ್ರ! ತಾವು ತಿನ್ನುವ ಅನ್ನದ ಅಗುಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಂತಿದೆ ಇದು. ವಿತರಕರು ಮುಂದೆ ಬರಲಿಲ್ಲ. ತಾವೇ ಬಿಡುಗಡೆ ಮಾಡಿದರು. ಈಗ ಅದು ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ಪಟ್ಟಿಯಲ್ಲಿದೆ.

ಅದೇ ವರ್ಷದ ನವೆಂಬರಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಅಮೆರಿಕ ಪ್ರವಾಸದಲ್ಲಿತ್ತು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕಛೇರಿಗಳನ್ನು ಚಿತ್ರೀಕರಿಸಲು ಮೇಜಲ್ಸ್ ಸಹೋದರರು ಒಪ್ಪಿಕೊಂಡರು. ಅಲ್ಲಿಗೆ ಇದು ತಂಡದ ಕೀರ್ತಿಯನ್ನು ಹರಡುವ ಚಿತ್ರ. ಒಂದರ್ಥದಲ್ಲಿ ದೊಡ್ಡ ಜಾಹೀರಾತೇ. ಪ್ರವಾಸದ ಕೊನೆಗೆ ಕ್ಯಾಲಿಫೋರ್ನಿಯದಲ್ಲಿ ಉಚಿತವಾಗಿ ಒಂದು ಕಛೇರಿ ನಡೆಸಬೇಕೆಂದು ತಂಡ ನಿಶ್ಚಯಿಸಿತು. ಮೊದಲು ಗೊತ್ತು ಮಾಡಿದ ಜಾಗದ ಒಡೆಯರು ಚಿತ್ರದ ವಿತರಣೆಯ ಹಕ್ಕನ್ನೂ ಕೇಳಿದ್ದರಿಂದ ಮಾತು ಮುರಿಯಿತು. ಕೊನೆಯ ಗಳಿಗೆಯಲ್ಲಿ ಎಲ್ಲವನ್ನೂ ಆಲ್ಟಮಾಂಟ್ ಎಂಬ ಮೋಟಾರು ಪಂದ್ಯದ ಮೈದಾನಕ್ಕೆ ಸಾಗಿಸಿದರು. ಬೇರೆ ಜಾಗದ ಗುಡ್ಡದ ತುದಿಗೆಂದು ಯೋಜಿಸಿದ ವೇದಿಕೆ ಇಲ್ಲಿ ತಗ್ಗಿನಲ್ಲಿ ನಿಂತಿತು. ಎತ್ತರ ಸೊಂಟದ ಮಟ್ಟಕ್ಕೂ ಸಾಲದು. ವೇದಿಕೆಯ ಕಾವಲಿಗೆ ಹೆಲ್ಸ್ ಏಂಜಲ್ಸ್ ಎಂಬ ಮೋಟಾರ್ ಸೈಕಲ್ ಪುಂಡರ ಕೂಟ, ಸಂಭಾವನೆ ಬಿಯರ್. ಸೇರಿದವರು ಸುಮಾರು ಮೂರು ಲಕ್ಷ.

1969ರ ಡಿಸೆಂಬರ್ 6. ಬೆಳಗಿನಿಂದಲೇ ಹೊಡೆದಾಟ. ಜೆಫರ್ಸನ್ ಏರ್‌ಪ್ಲೇನ್ ತಂಡದ ಗಾಯಕನೊಬ್ಬನನ್ನು ವೇದಿಕೆಯಲ್ಲೇ ಪ್ರಜ್ಞೆ ತಪ್ಪುವಂತೆ ಬಡಿದರು. ಗ್ರೇಟ್‌ಫುಲ್ ಡೆಡ್ ಎಂಬ ಇನ್ನೊಂದು ತಂಡ ಸನ್ನಿವೇಶ ನೋಡಿ ಹಾಡದೆ ಹಿಂದಿರುಗಿತು. ಕತ್ತಲಾದ ಮೇಲೆ ಸ್ಟೋನ್ಸ್ ಹಾಡುತ್ತಿದ್ದಾಗ, ಮೆರೆಡಿತ್ ಹಂಟರ್ ಎಂಬ ಹದಿನೆಂಟು ವರ್ಷದ ಕಪ್ಪು ತರುಣ, ಹಸಿರು ಉಡುಪಿನವನು, ನೂಕಾಟದಲ್ಲಿ ಪಿಸ್ತೂಲು ಹೊರಗೆ ತೆಗೆದ. ಅಲನ್ ಪಸಾರೋ ಎಂಬ ಏಂಜಲ್ ಅವನ ಮೇಲೆ ಹಾರಿ ಚಾಕುವಿನಿಂದ ಇರಿದ. ಎಲ್ಲ ಕೆಲವೇ ಸೆಕೆಂಡುಗಳ ಮಾತು. ಮೇಜಲ್ಸ್ ಸಹೋದರರು ನಿಯೋಜಿಸಿದ್ದ ಹಲವು ಕ್ಯಾಮೆರಾಗಳಲ್ಲಿ ಒಂದು ಅದನ್ನು ಹಿಡಿಯಿತು. ಹಿಡಿದವನಿಗೇ ಆಗ ಅದರ ಅರಿವಿರಲಿಲ್ಲ. ಅಂದು ಅಲ್ಲಿ ಒಟ್ಟು ನಾಲ್ವರು ಸತ್ತರು.

ಈಗ ಕೈಯಲ್ಲಿದ್ದದ್ದು ಜಾಹೀರಾತಲ್ಲ, ಸಾಕ್ಷ್ಯ. ‘ಸೇಲ್ಸ್‌ಮನ್’ ಚಿತ್ರವನ್ನು ಇವರ ಜೊತೆ ರೂಪಿಸಿದ್ದ ಸಂಕಲನಕಾರ್ತಿ ಷಾರ್ಲಟ್ ಜ್ವೆರಿನ್ ಇಲ್ಲಿಯೂ ಇದ್ದರು. ಸ್ಟೋನ್ಸ್ ತಂಡದವರನ್ನೇ ಸಂಕಲನದ ಮೇಜಿನ ಮುಂದೆ ಕೂರಿಸಿ, ಅವರು ನೋಡುವುದನ್ನು ಚಿತ್ರೀಕರಿಸುವ ಆಲೋಚನೆ ಅವರದು. ಬೀಟಲ್ಸ್ ಚಿತ್ರದ ಹುಡುಗಿಯರನ್ನು ಇಲ್ಲಿ ನೆನೆಯಬೇಕು. ಅಲ್ಲಿಯೂ ಒಂದು ಚಿಕ್ಕ ತೆರೆ, ಅದನ್ನು ನೋಡುವ ಮುಖಗಳು. ಇಲ್ಲಿ ನೋಡುವವನು ಗಾಯಕನೇ. ಕಛೇರಿಯ ಮರುದಿನ ಸ್ಯಾನ್ ಫ್ರಾನ್ಸಿಸ್ಕೋದ ರೇಡಿಯೋ ನಿಲಯವೊಂದಕ್ಕೆ ಜನ ಕರೆ ಮಾಡಿ ದುಃಖ, ಸಿಟ್ಟು, ಸಮರ್ಥನೆಗಳನ್ನು ಹೇಳಿಕೊಂಡಿದ್ದರು. ಆ ಧ್ವನಿಮುದ್ರಣವನ್ನು ಡೋಲು ಬಾರಿಸುವ ಚಾರ್ಲಿ ವಾಟ್ಸ್ ತಲೆ ತಗ್ಗಿಸಿ ಕೇಳುತ್ತಾನೆ. ರೇಡಿಯೋದಲ್ಲಿ ಕುಳಿತು ಮಾತನಾಡುವ ನನ್ನಂಥವನಿಗೆ ಇರಿತದ ದೃಶ್ಯಕ್ಕಿಂತಲೂ ಈ ತಲೆ ತಗ್ಗಿಸಿದ ಕೇಳುವಿಕೆ ಹೆಚ್ಚು ಕಾಡಿದೆ.

ಆ ಫಿಲ್ಮನ್ನು ನ್ಯಾಯಾಲಯದಲ್ಲಿ ತೋರಿಸಿದರು. ಹಂಟರನ ಕೈಯ ಪಿಸ್ತೂಲು, ಅವನ ಗೆಳತಿಯ ಬಿಳಿ ಉಡುಪಿನ ಹಿನ್ನೆಲೆಯಲ್ಲಿ ಒಂದು ಕ್ಷಣ ಕಪ್ಪಗೆ ಕಾಣುತ್ತದೆ. ಆತ್ಮರಕ್ಷಣೆಯೆಂಬ ವಾದವನ್ನು ಒಪ್ಪಿ, 1971ರ ಜನವರಿಯಲ್ಲಿ ಜ್ಯೂರಿಯವರು ಪಸಾರೋನನ್ನು ಬಿಡುಗಡೆ ಮಾಡಿದರು. ಚಿತ್ರಮಂದಿರದಲ್ಲಿ ಕೊಲೆಯೆಂದು ಕಂಡದ್ದೇ ನ್ಯಾಯಾಲಯದಲ್ಲಿ ಆರೋಪಿಯ ರಕ್ಷಾಕವಚವಾಯಿತು.

ಚಿತ್ರ ಬಿಡುಗಡೆಯಾದದ್ದು ಸರಿಯಾಗಿ ಒಂದು ವರ್ಷದ ಮೇಲೆ, 1970ರ ಡಿಸೆಂಬರ್ 6ರಂದು. ‘ನ್ಯೂಯಾರ್ಕರ್’ ಪತ್ರಿಕೆಯ ವಿಮರ್ಶಕಿ ಪಾಲೀನ್ ಕೇಲ್ ಇವರ ಮೇಲೆ ಕೆಂಡವನ್ನೇ ಕಾರಿದರು. ಚಿತ್ರಕ್ಕಾಗಿಯೇ ಏರ್ಪಡಿಸಿದ ಘಟನೆಯನ್ನು ತಾನಾಗಿ ನಡೆದದ್ದೆಂಬಂತೆ ತೋರಿಸುವುದು ಯಾವ ಸತ್ಯ ಎಂಬುದು ಅವರ ಆಕ್ಷೇಪದ ತಿರುಳು. ಸಹೋದರರು ಉತ್ತರ ಬರೆದರು. ಪತ್ರಿಕೆ ಅದನ್ನು ಪ್ರಕಟಿಸಲಿಲ್ಲ. ಉತ್ತರಕ್ಕೆ ಜಾಗ ಕೊಡದಿದ್ದುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆ ಕಛೇರಿಯನ್ನು ಏರ್ಪಡಿಸಿದವರು ಮೇಜಲ್ಸ್ ಸಹೋದರರಲ್ಲ. ಕೊಲೆಯನ್ನಂತೂ ಯಾರೂ ಬರೆದುಕೊಟ್ಟಿರಲಿಲ್ಲ.

ಹಾಗೆಂದು ಕೇಲ್ ಎತ್ತಿದ ಪ್ರಶ್ನೆ ಅಷ್ಟಕ್ಕೇ ಅಡಗುವುದಿಲ್ಲ. ಮಹಾಭಾರತದ ಸಂಜಯ ದಿವ್ಯದೃಷ್ಟಿ ಪಡೆದು, ಹದಿನೆಂಟು ದಿನದ ಸಂಹಾರವನ್ನು ಕುರುಡು ದೊರೆಗೆ ಒಂದೊಂದಾಗಿ ಹೇಳಿದ. ಯುದ್ಧವನ್ನು ಅವನು ತಡೆಯಲಿಲ್ಲವೆಂದು ಯಾರೂ ಅವನನ್ನು ದೂರುವುದಿಲ್ಲ. ಆದರೆ ಕುರುಕ್ಷೇತ್ರದ ವರದಿಯಿಂದ ಸಂಜಯನಿಗೆ ಬರಬೇಕಾದ ಲಾಭವೇನೂ ಇರಲಿಲ್ಲ. ಚಿತ್ರದ ಹಕ್ಕಿನ ಚೌಕಾಸಿಯಿಂದಲೇ ಜಾಗ ಬದಲಾಯಿತು, ಜಾಗ ಬದಲಾದ ಗಡಿಬಿಡಿಯಲ್ಲೇ ವ್ಯವಸ್ಥೆ ಕುಸಿಯಿತು. ಕ್ಯಾಮೆರಾ ಗೋಡೆಯ ಮೇಲಿನ ನೊಣದಂತೆ ಸುಮ್ಮನಿತ್ತು ಎಂದು ಹೇಳಲು ನನಗೆ ಬಾಯಿ ಬಾರದು. ಸಹೋದರರ ಪರವಾಗಿ ಇಷ್ಟು ಹೇಳಬಹುದು: ಹಕ್ಕಿನ ಚೌಕಾಸಿಯನ್ನೂ ವಕೀಲನ ಫೋನು ಸಂಭಾಷಣೆಯನ್ನೂ ಅವರು ಚಿತ್ರದಿಂದ ಕತ್ತರಿಸಿ ಹಾಕಲಿಲ್ಲ. ನಾವು ಅವರನ್ನು ಪ್ರಶ್ನಿಸಲು ಬೇಕಾದ ಸಾಮಗ್ರಿಯನ್ನು ಅವರೇ ಒದಗಿಸಿದ್ದಾರೆ. ಜಾಹೀರಾತು ಮಾಡುವವನು ಈ ಕೆಲಸವನ್ನು ಎಂದೂ ಮಾಡಲಾರ.

ಮುಂದಿನ ವರ್ಷಗಳಲ್ಲಿ ‘ಗ್ರೇ ಗಾರ್ಡನ್ಸ್’ ಬಂತು, ಕಲಾವಿದ ಕ್ರಿಸ್ಟೋ ಕುರಿತ ಚಿತ್ರಗಳು ಬಂದವು; ಅವುಗಳದ್ದೇ ಒಂದು ಭಾಷಣವಾದೀತು. ನಮ್ಮ ವಿಷಯಕ್ಕೆ ಬೇಕಾದದ್ದು ಅವರು ಪುನಃ ಸಂಗೀತಕ್ಕೆ ಮರಳಿದ ಬಗೆ. 1985ರಲ್ಲಿ ಪಿಯಾನೋ ವಾದಕ ವ್ಲಾದಿಮಿರ್ ಹೊರೊವಿಟ್ಸ್ ಕುರಿತು ‘ದಿ ಲಾಸ್ಟ್ ರೊಮ್ಯಾಂಟಿಕ್’ ಎಂಬ ಚಿತ್ರ ಮಾಡಿದರು. ಎಂಬತ್ತು ದಾಟಿದ ಮುದುಕ, ನ್ಯೂಯಾರ್ಕಿನ ಅವನ ಮನೆಯ ನಡುಮನೆ, ಜೊತೆಗೆ ಹೆಂಡತಿ ವಾಂಡಾ, ಸಂಗೀತ ಸಂಚಾಲಕ ತೊಸ್ಕನಿನಿಯ ಮಗಳು. ನುಡಿಸುವುದರ ನಡುವೆ ಗಂಡಹೆಂಡಿರ ತಮಾಷೆ, ಸಣ್ಣ ಗದರಿಕೆ. ಮೂರು ಲಕ್ಷ ಜನರ ಮೈದಾನದಿಂದ ಒಂದು ಕೋಣೆಗೆ ಬಂದಿದ್ದರು. ಅಲ್ಲಿ ಕ್ಯಾಮೆರಾ ಹುಡುಕುವುದು ಆ ಬೆರಳುಗಳನ್ನು. ಚಪ್ಪಟೆಯಾಗಿ, ಪಾಠಶಾಲೆಯ ಎಲ್ಲ ನಿಯಮಗಳನ್ನೂ ಮೀರಿ ಮಲಗಿದಂತಿರುವ ಬೆರಳುಗಳು. ಅದೇ ವರ್ಷ ಜಪಾನೀ ಸಂಚಾಲಕ ಸೈಜಿ ಓಜಾವಾನ ಮೇಲೂ ಒಂದು ಚಿತ್ರ ಬಂತು. ಶಾಸ್ತ್ರೀಯ ಸಂಗೀತದ ಅಭ್ಯಾಸವಿಲ್ಲದವರಿಗೂ ಹೊರೊವಿಟ್ಸ್ ಚಿತ್ರವನ್ನು ನಾನು ಧೈರ್ಯವಾಗಿ ಸೂಚಿಸಬಲ್ಲೆ. ಓಜಾವಾ ಚಿತ್ರಕ್ಕಿಂತ ಅದರಲ್ಲಿ ಜೀವ ಹೆಚ್ಚು.

1987ರ ಜನವರಿ 3ರಂದು ಡೇವಿಡ್ ಪಾರ್ಶ್ವವಾಯುವಿನಿಂದ ತೀರಿಕೊಂಡ. ಐವತ್ತೈದರ ಆಸುಪಾಸಿನ ವಯಸ್ಸು. ಆಲ್ಬರ್ಟ್ ಇನ್ನೂ ಇಪ್ಪತ್ತೆಂಟು ವರ್ಷ ಬದುಕಿದ. ಕರಾಯನ್, ರಾಸ್ಟ್ರೊಪೊವಿಚ್ ಮೊದಲಾದವರ ಮೇಲೆ ಚಿತ್ರಗಳನ್ನು ಮಾಡಿದ, ಹಾರ್ಲೆಮ್ ಬಡಾವಣೆಯಲ್ಲಿ ಸಾಕ್ಷ್ಯಚಿತ್ರಗಳಿಗೆಂದೇ ಒಂದು ಮಂದಿರ ತೆರೆದ, 2015ರ ಮಾರ್ಚ್ 5ರಂದು, ತನ್ನ ಎಂಬತ್ತೆಂಟನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದ. ತಮ್ಮ ಹೋದ ವರ್ಷವೇ ಹೊರೊವಿಟ್ಸ್ ಇಟಲಿಯ ಮಿಲಾನಿನಲ್ಲಿ ಮೊಜಾರ್ಟನ ಕನ್ಚರ್ಟೋ ಒಂದನ್ನು ಧ್ವನಿಮುದ್ರಿಸಲು ಹೋದಾಗ ಆಲ್ಬರ್ಟ್ ಸಂಗಡಿಗರೊಡನೆ ಅಲ್ಲಿಗೂ ಹೋಗಿದ್ದ. ಷಾರ್ಲಟ್ ಜ್ವೆರಿನ್ ಕೂಡ ಆ ಚಿತ್ರದಲ್ಲಿ ಪಾಲುದಾರರು. ಮುದುಕ ಪಿಯಾನೋದ ಮುಂದೆ ಕುಳಿತು ತನ್ನ ಭಾಗ ಬರುವುದನ್ನೇ ಕಾಯುತ್ತ ವಾದ್ಯವೃಂದವನ್ನು ಆಲಿಸುತ್ತಾನೆ. ಕ್ಯಾಮೆರಾದ ಹಿಂದೆ ಅಣ್ಣನ ಕಣ್ಣಿತ್ತು. ಧ್ವನಿಮುದ್ರಕದ ಬಳಿ ನಿಂತವರು ಬೇರೆ ಯಾರೋ.